ಜೇಬಿನ ಬಿಸಿಲು ಗಡಿಯಾರ: ಹನ್ನೆರಡೂವರೆ ಡಿಗ್ರಿಯ ಕೊಡಗಿನಲ್ಲಿ ಹೊತ್ತು ನೋಡುವ ಕ್ರಮ

ಮುಚ್ಚಿದಾಗ ಅಂಗೈಯಲ್ಲಿ ಹಿಡಿಸುವ ಹಿತ್ತಾಳೆಯ ಬಿಲ್ಲೆ. ಮುಚ್ಚಳ ತೆಗೆದರೆ ದಿಕ್ಸೂಚಿ, ಅದರ ಮೇಲೆ ಮಡಚಿಟ್ಟ ಉಂಗುರ, ಪಕ್ಕದಲ್ಲಿ ಡಿಗ್ರಿ ಕೊರೆದ ಪುಟ್ಟ ಕಮಾನು, ಗುಂಡುಸೂಜಿಯಷ್ಟು ತೆಳ್ಳಗಿನ ಕಡ್ಡಿ. ಹದಿನಾರನೇ ಶತಮಾನದಿಂದ ಹತ್ತೊಂಬತ್ತನೇ ಶತಮಾನದವರೆಗೆ ಯುರೋಪಿನ ವ್ಯಾಪಾರಿಗಳೂ ಪಾದ್ರಿಗಳೂ ಜೇಬಿನಲ್ಲಿಟ್ಟುಕೊಂಡು ಓಡಾಡಿದ ಬಿಸಿಲು ಗಡಿಯಾರ ಇದು. ಮುಳ್ಳಿನ ಗಡಿಯಾರ ಬಂದದ್ದೇ ಇದು ಮೂಲೆ ಸೇರಿತು ಎಂದುಕೊಳ್ಳುವವರು ಹೆಚ್ಚು. ನಡೆದದ್ದು ಹಾಗಲ್ಲ. ಆಗಿನ ಜೇಬುಗಡಿಯಾರ ದಿನಕ್ಕೆ ಹಲವು ನಿಮಿಷ ಹಿಂದೆಮುಂದೆ ಆಗುತ್ತಿತ್ತು, ಅದನ್ನು ಸರಿಪಡಿಸಲು ಬಿಸಿಲೇ ಗತಿಯಾಗಿತ್ತು. ಹಾಗಾಗಿ ಗಡಿಯಾರ ಇದ್ದವನಿಗೇ ಬಿಸಿಲು ಗಡಿಯಾರವೂ ಬೇಕಾಗುತ್ತಿತ್ತು. ತಂತಿ ಮತ್ತು ರೈಲು ಊರೂರಿಗೆ ಒಂದೇ ವೇಳೆಯನ್ನು ಹೊತ್ತು ತಂದ ಮೇಲೆಯೇ ಇದರ ಕೆಲಸ ಮುಗಿದದ್ದು.

ಇಂಥದ್ದೊಂದು ಹಳೇ ತೋಟದ ಬಂಗಲೆಯ ಟ್ರಂಕಿನಲ್ಲಿ ಸಿಗಬಹುದು, ಹರಾಜಿನಲ್ಲಿ ಕೊಂಡದ್ದಿರಬಹುದು, ಇಲ್ಲವೇ ಅಂಗಡಿಯಿಂದ ತಂದ ನಕಲಿಯೂ ಇರಬಹುದು. ಯಾವುದಾದರೂ ಸರಿ, ಕೊಡಗಿನಲ್ಲಿ ಅದನ್ನು ಬಳಸುವಾಗ ಒಂದು ಮಾತು ನೆನಪಿರಲಿ. ಇವು ಆಗ್ಸ್‌ಬರ್ಗ್, ನ್ಯೂರೆಂಬರ್ಗ್, ಪ್ಯಾರಿಸ್, ಲಂಡನ್ನಿನಲ್ಲಿ ತಯಾರಾದವು. ಆ ಊರುಗಳೆಲ್ಲ 48ರಿಂದ 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮಡಿಕೇರಿ ಇರುವುದು 12 ಡಿಗ್ರಿ 25 ನಿಮಿಷದಲ್ಲಿ. ಅಲ್ಲಿ ದೊಡ್ಡದಾಗಿದ್ದ ತಪ್ಪು ಇಲ್ಲಿ ಚಿಕ್ಕದಾಗುತ್ತದೆ, ಅಲ್ಲಿ ಯಾರೂ ಗಮನಿಸದ ತಪ್ಪು ಇಲ್ಲಿ ಹೊತ್ತನ್ನೇ ಕೆಡಿಸುತ್ತದೆ. ಅಲ್ಲಿಯವರಿಗಾಗಿ ಬರೆದ ಸೂಚನೆಗಳನ್ನು ಹಾಗೆಹಾಗೇ ಪಾಲಿಸಿದರೆ ಹೊತ್ತು ತಪ್ಪುತ್ತದೆ, ನಾವು ವಸ್ತುವನ್ನು ಬೈಯುತ್ತೇವೆ.

ಕೈಯಲ್ಲಿರುವುದು ಯಾವ ಬಗೆ?

ನೆರಳು ಬೀಳುವ ಮೇಲ್ಮೈ ಯಾವುದು ಎಂದು ಮೊದಲು ನೋಡಿ. ನೆರಳು ಎತ್ತಿ ನಿಲ್ಲಿಸಿದ ಉಂಗುರದ ಮೇಲೆ ಬೀಳುತ್ತದೆಯೇ, ಅಡಿಯ ತಗಡಿನ ಮೇಲೆಯೇ? ಕೊಡಗಿನಲ್ಲಿ ಅದು ನೇರವಾಗಿ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಇದರ ಮೇಲೆ ನಿಂತಿದೆ.

ಉಂಗುರದ ಮೇಲೆ ನೆರಳು ಬೀಳುವುದನ್ನು ಸಮಭಾಜಕ ಬಗೆ ಎನ್ನೋಣ. ಹದಿನೆಂಟನೇ ಶತಮಾನದಲ್ಲಿ ಆಗ್ಸ್‌ಬರ್ಗಿನ ಕಸುಬುದಾರರು ಇಂಥವನ್ನು ರಾಶಿರಾಶಿಯಾಗಿ ಮಾಡಿದರು. ಎಂಟು ಮೂಲೆಯ ತಗಡು, ಮಡಚುವ ಉಂಗುರ, ಅಕ್ಷಾಂಶದ ಕಮಾನು. ಯೋಹಾನ್ ಮಾರ್ಟಿನ್, ಆಂಡ್ರಿಯಾಸ್ ಫೋಗ್ಲರ್, ಯೋಹಾನ್ ಶ್ರೆಟೆಗ್ಗರ್ ಎಂಬ ಹೆಸರುಗಳು ಇವುಗಳ ಮೇಲೆ ಕಾಣುತ್ತವೆ. ಉಂಗುರದಲ್ಲಿ ಗಂಟೆಗೆ ಸರಿಯಾಗಿ 15 ಡಿಗ್ರಿ. ಕಮಾನಿನ ಅಂಕಿಗಳು 12ರವರೆಗೂ ಇಳಿದಿದ್ದರೆ ಯಾವ ತಿದ್ದುಪಡಿಯೂ ಇಲ್ಲದೆ ಕೊಡಗಿಗೆ ಹೊಂದುತ್ತದೆ. ತೂಗುಹಾಕಿ ನೋಡುವ ಎರಡು ಉಂಗುರದ ಗಡಿಯಾರವೂ ಇದೇ ಜಾತಿಯದು. ಅದರ ಮೂಲ 1534ರಲ್ಲಿ ಗೆಮ್ಮಾ ಫ್ರಿಸಿಯಸ್ ವಿವರಿಸಿದ ಖಗೋಳ ಉಂಗುರ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಆಟ್ರೆಡ್ ಅದನ್ನು ಇನ್ನಷ್ಟು ಸರಳ ಮಾಡಿದ.

ತಗಡಿನ ಮೇಲೆಯೇ ನೆರಳು ಬೀಳುವುದು ಸಮತಲ ಬಗೆ. ಪ್ಯಾರಿಸ್ಸಿನಲ್ಲಿ ನೆಲೆಸಿ 1724ರಲ್ಲಿ ತೀರಿಕೊಂಡ ಮೈಕೆಲ್ ಬಟರ್‌ಫೀಲ್ಡ್ ಹೆಸರಿನಲ್ಲಿ ಕರೆಯುವ ಗಡಿಯಾರ ಇದಕ್ಕೆ ಒಳ್ಳೇ ಮಾದರಿ: ಮಡಚುವ ತ್ರಿಕೋನದ ರೆಕ್ಕೆ, ಅದರ ಪಕ್ಕದಲ್ಲಿ ಒಂದು ಪುಟ್ಟ ಹಕ್ಕಿ, ಹಕ್ಕಿಯ ಕೊಕ್ಕೇ ಅಕ್ಷಾಂಶವನ್ನು ತೋರಿಸುವ ಮುಳ್ಳು. ಕೊಕ್ಕು ಸಾಮಾನ್ಯವಾಗಿ 40ರಿಂದ 60ರೊಳಗೆ ಓಡಾಡುತ್ತದೆ, ಅದಕ್ಕಿಂತ ಕೆಳಗೆ ಇಳಿಯದು. ನಮ್ಮ ಊರಿಗೆ ಇಂಥದ್ದನ್ನು ಹೊಸದಾಗಿ ಕೊರೆಸಿದರೂ ಸುಖವಿಲ್ಲ. ಲಂಡನ್ನಿನ ಸಮತಲ ಗಡಿಯಾರದಲ್ಲಿ 12ರ ಗೆರೆಗೂ 1ರ ಗೆರೆಗೂ ನಡುವೆ ಸುಮಾರು 11.8 ಡಿಗ್ರಿ ಇರುತ್ತದೆ. ಮಡಿಕೇರಿಗೆ ಲೆಕ್ಕ ಹಾಕಿದರೆ 3.3 ಡಿಗ್ರಿ ಮಾತ್ರ. ಮಧ್ಯಾಹ್ನದ ಗಂಟೆಗಳೆಲ್ಲ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಂತೆ ಒತ್ತೊತ್ತಾಗಿ, ಸಂಜೆ 5ರಿಂದ 6ರ ನಡುವೆ ಮಾತ್ರ 51 ಡಿಗ್ರಿ ಬಯಲು.

ನ್ಯೂರೆಂಬರ್ಗಿನ ದಂತದ ಪುಸ್ತಕದಂಥ ಗಡಿಯಾರಗಳಲ್ಲಿ ಎರಡು ಹಲಗೆಗಳ ನಡುವಿನ ದಾರವೇ ನೆರಳು ಹಾಕುತ್ತದೆ. ಅವು ಯುರೋಪಿನ ಅಕ್ಷಾಂಶಗಳಿಗೆ ತೂತು ಕೊರೆದಂಥವು. ನೋಡಲು ಚೆಂದ, ಇಲ್ಲಿ ಬಳಕೆಗೆ ಬಾರವು. ಕುರುಬರ ಗಡಿಯಾರ ಎಂದು ಕರೆಯುವ ಮರದ ಉರುಳೆಯೂ ಅಷ್ಟೇ: ಅದು ಸೂರ್ಯನ ಎತ್ತರದಿಂದ ಹೊತ್ತು ಹೇಳುತ್ತದೆ, ಇಲ್ಲಿ ಏಪ್ರಿಲ್ 22-23ಕ್ಕೂ ಆಗಸ್ಟ್ 20ರ ಸುಮಾರಿಗೂ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ನೆರಳು ಉರುಳೆಯನ್ನು ದಾಟಿ ನೆಲಕ್ಕೆ ಓಡುತ್ತದೆ.

ಮೊದಲು ಮಟ್ಟ, ಆಮೇಲೆ ದಿಕ್ಕು

ಯುರೋಪಿನ ಸೂಚನೆಗಳಲ್ಲಿ ದಿಕ್ಸೂಚಿಯೇ ದೊಡ್ಡ ವಿಷಯ. ಲಂಡನ್ನಿನಲ್ಲಿ ಗಡಿಯಾರವನ್ನು ಒಂದು ಡಿಗ್ರಿ ತಪ್ಪು ದಿಕ್ಕಿಗೆ ತಿರುಗಿಸಿದರೆ, ಹಗಲು-ಇರುಳು ಸಮವಿರುವ ದಿನ, ಮೂರು ನಿಮಿಷ ಹೋಗುತ್ತದೆ. ಅದೇ ದಿನ ಅದೇ ತಪ್ಪು ಮಡಿಕೇರಿಯಲ್ಲಿ ಒಂದು ನಿಮಿಷಕ್ಕೂ ಕಡಿಮೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಮಾತ್ರ ಅದು ಎರಡೂವರೆ ನಿಮಿಷಕ್ಕೆ ಏರುತ್ತದೆ. ಅದೇ ಗಡಿಯಾರ ಪೂರ್ವಕ್ಕೋ ಪಶ್ಚಿಮಕ್ಕೋ ಒಂದು ಡಿಗ್ರಿ ವಾಲಿದರೆ ಇಲ್ಲಿ ವರ್ಷವಿಡೀ ಸುಮಾರು ನಾಲ್ಕು ನಿಮಿಷ ನಷ್ಟ. ಐದು ಸೆಂ.ಮೀ. ಅಗಲದ ತಗಡಿಗೆ ಒಂದು ಡಿಗ್ರಿ ಎಂದರೆ ಒಂದು ಬದಿ ಒಂದು ಮಿಲಿಮೀಟರಿಗಿಂತ ಕಡಿಮೆ ಎದ್ದಿರುವುದು. ಅದರಡಿ ಒಂದು ಅಕ್ಕಿ ಕಾಳು ಸಿಕ್ಕಿಕೊಂಡರೆ ಸಾಕು, ಹೊತ್ತು ಕೆಟ್ಟಿತು.

ಜಾಗಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೇದು ಇಲ್ಲ. ಸಿಲ್ವರ್ ಓಕಿನ ನೆರಳಿಲ್ಲ, ಬೆಳಗಿನಿಂದ ಸಂಜೆವರೆಗೆ ಬಿಸಿಲು. ಆದರೆ ಮಳೆನೀರು ನಿಲ್ಲಬಾರದೆಂದು ಕಣಕ್ಕೆ ಓರೆ ಕೊಟ್ಟಿರುತ್ತಾರೆ, ಕಾಂಕ್ರೀಟಿನೊಳಗೆ ಕಬ್ಬಿಣವೂ ಇರಬಹುದು. ಆದ್ದರಿಂದ ಕಣದ ಮೇಲೆ ನೇರವಾಗಿ ಇಡಬೇಡಿ. ಮರದ ಸ್ಟೂಲು ಇಟ್ಟು, ಅದರ ಮೇಲೆ ದಪ್ಪ ಗಾಜಿನ ತುಂಡು ಅಥವಾ ಟೈಲ್ಸ್ ಇಟ್ಟು, ಗಾರೆಯವರ ಲೆವೆಲ್ಲನ್ನು ಮೊದಲು ಪೂರ್ವ-ಪಶ್ಚಿಮಕ್ಕೆ, ಆಮೇಲೆ ಉತ್ತರ-ದಕ್ಷಿಣಕ್ಕೆ ಇಟ್ಟು ನೋಡಿ. ತಗ್ಗಿದ ಕಡೆಗೆ ಕಾಗದದ ಮಡಿಕೆ ಸಿಕ್ಕಿಸಿ. ಲೆವೆಲ್ಲನ್ನು ತಿರುಗಾಮುರುಗಾ ಇಟ್ಟು ಇನ್ನೊಮ್ಮೆ ನೋಡಿದರೆ ಅದರದೇ ತಪ್ಪೂ ಗೊತ್ತಾಗುತ್ತದೆ. ಗಡಿಯಾರಕ್ಕೆ ತನ್ನದೇ ಪುಟ್ಟ ತೂಗುಗುಂಡು ಇದ್ದರೆ ಅದನ್ನೂ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಇನ್ನೂರು ವರ್ಷದಲ್ಲಿ ಅದನ್ನು ತೂಗುಹಾಕಿದ ಕೊಕ್ಕೆ ಬಾಗಿರುವುದು ಸಾಮಾನ್ಯ.

ಈಗ ದಿಕ್ಕು. ಹಳೇ ದಿಕ್ಸೂಚಿಯ ಸೂಜಿ ಇಲ್ಲಿ ಎರಡು ಕಾರಣಕ್ಕೆ ಕೈಕೊಡುತ್ತದೆ. ಯುರೋಪಿನಲ್ಲಿ ಭೂಕಾಂತದ ಎಳೆತ ಕಡಿದಾಗಿ ಕೆಳಮುಖವಾಗಿರುತ್ತದೆ. ಉತ್ತರದ ತುದಿ ಬಾಗದಿರಲಿ ಎಂದು ಸೂಜಿಯ ದಕ್ಷಿಣದ ಕಡೆ ತೂಕ ಜಾಸ್ತಿ ಇಟ್ಟಿರುತ್ತಾರೆ. ದಕ್ಷಿಣ ಭಾರತದಲ್ಲಿ ಆ ಎಳೆತ ಹೆಚ್ಚುಕಡಿಮೆ ಮಟ್ಟಸ. ಹಾಗಾಗಿ ಇಲ್ಲಿ ಸೂಜಿಯ ದಕ್ಷಿಣದ ತುದಿಯೇ ಕುಸಿದು ತಳಕ್ಕೆ ಉಜ್ಜುತ್ತದೆ, ಉತ್ತರ ತೋರಿಸುವ ಮೊದಲೇ ನಿಂತುಬಿಡುತ್ತದೆ. ಸೂಜಿ ಬೆಣೆಗಟ್ಟಿದೆ ಎಂದುಕೊಂಡು ಅದನ್ನು ಅರದಿಂದ ತಿಕ್ಕುವವರಿದ್ದಾರೆ. ಆ ಕೆಲಸ ಬೇಡ. ಎರಡನೆಯದು, ಹಳೇ ತಗಡಿನ ಮೇಲೆ ಸೂಜಿ ನಿಲ್ಲಬೇಕಾದ ಜಾಗಕ್ಕೆ ಒಂದು ಓರೆ ಗೆರೆ ಇರುತ್ತದೆ. ಅದು ಆ ಕಾಲದ, ಆ ಊರಿನ ಕಾಂತೀಯ ವ್ಯತ್ಯಾಸ, ಅಂದರೆ ಸೂಜಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ. 1800ರ ಆಚೀಚೆ ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಅದು ಪಶ್ಚಿಮಕ್ಕೆ 20 ಡಿಗ್ರಿಗೂ ಮೇಲಿತ್ತು. ಇಂದಿನ ಕೊಡಗಿನಲ್ಲಿ ಒಂದೆರಡು ಡಿಗ್ರಿ ಅಷ್ಟೇ. ಆ ಗೆರೆಗೆ ಸೂಜಿ ಹೊಂದಿಸಿದರೆ ಗಡಿಯಾರ ಇಪ್ಪತ್ತು ಡಿಗ್ರಿ ತಿರುಗಿ ಕೂರುತ್ತದೆ. ಇಲ್ಲಿ ಸೂಜಿಯನ್ನು ನೇರ ಉತ್ತರದ ಗುರುತಿಗೇ ನಿಲ್ಲಿಸಿ.

ಕಬ್ಬಿಣ ದೂರವಿರಲಿ. ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ನೋಡಿದರೆ ಸೂಜಿ ಎಂಜಿನ್ನನ್ನೇ ಹುಡುಕುತ್ತದೆ. ಆಯುಧ ಪೂಜಿಸುವ ಕೈಲ್‌ಪೋದ್ ಹಬ್ಬದ ದಿನ ಚೇಲೆಗೆ (ಸೊಂಟಪಟ್ಟಿಗೆ) ಪೀಚೆಕತ್ತಿ ಸಿಕ್ಕಿಸಿಕೊಂಡು, ಹೆಗಲಿಗೆ ತೋಕು (ಕೋವಿ) ಏರಿಸಿಕೊಂಡು ಬಗ್ಗಿ ನೋಡುವವರನ್ನು ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ. ಮೊಬೈಲಿನ ಕವರಿನಲ್ಲೂ ಆಯಸ್ಕಾಂತ ಇರುತ್ತದೆ.

ದಿಕ್ಸೂಚಿಯ ಗೊಡವೆಯೇ ಬೇಡವೆಂದರೆ ಕಣದಲ್ಲೇ ಉತ್ತರ-ದಕ್ಷಿಣ ಗೆರೆ ಎಳೆದಿಟ್ಟುಕೊಳ್ಳಿ. ನಮ್ಮ ಹಳೇ ಜ್ಯೋತಿಷ ಗ್ರಂಥಗಳಲ್ಲಿರುವ ಶಂಕುವಿನ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಅಗ್ಗದ್ದು ಇಲ್ಲ. ಡಿಸೆಂಬರ್ ಕೊನೆಯ ವಾರ, ಮಂಜು ಕರಗಿದ ನಿರ್ಮಲ ದಿನ ಆರಿಸಿ. ಮಟ್ಟ ಮಾಡಿದ ಹಲಗೆಯ ಮೇಲೆ 30 ಸೆಂ.ಮೀ. ಎತ್ತರದ ನೆಟ್ಟಗಿನ ಕಡ್ಡಿ ನಿಲ್ಲಿಸಿ, ತೂಗುಗುಂಡಿನಿಂದ ನೇರ ನೋಡಿ. ಕಡ್ಡಿಯ ಬುಡವನ್ನೇ ನಡುವಾಗಿಟ್ಟು 37 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಬೆಳಗ್ಗೆ 10ರ ಸುಮಾರಿಗೆ ನೆರಳಿನ ತುದಿ ಕುಗ್ಗುತ್ತಾ ಬಂದು ವೃತ್ತವನ್ನು ಮುಟ್ಟುತ್ತದೆ, ಅಲ್ಲೊಂದು ಚುಕ್ಕಿ. ಮಧ್ಯಾಹ್ನ 3ರ ಸುಮಾರಿಗೆ ಬೆಳೆಯುತ್ತಾ ಮತ್ತೆ ಮುಟ್ಟುತ್ತದೆ, ಇನ್ನೊಂದು ಚುಕ್ಕಿ. ಎರಡನ್ನೂ ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಅದರ ನಡುಮಧ್ಯದಿಂದ ಕಡ್ಡಿಯ ಬುಡಕ್ಕೆ ಎಳೆದದ್ದು ಉತ್ತರ-ದಕ್ಷಿಣ. ಡಿಸೆಂಬರ್ ಏಕೆಂದರೆ ಆಗ ಸೂರ್ಯನ ದಾರಿ ದಿನದಿಂದ ದಿನಕ್ಕೆ ಹೆಚ್ಚು ಸರಿಯುವುದಿಲ್ಲ, ಎರಡು ಚುಕ್ಕಿಗಳ ನಡುವೆ ಮೋಸವಾಗುವುದಿಲ್ಲ. ಕಡ್ಡಿಯ ತುದಿ ತೀರ ಚೂಪಿದ್ದರೆ ನೆರಳಿನ ತುದಿ ಕರಗಿಹೋಗುತ್ತದೆ; ಅಲ್ಲಿ ಒಂದು ಮೆಣಸಿನ ಕಾಳಿನಷ್ಟು ಮೇಣದ ಗುಂಡು ಅಂಟಿಸಿದರೆ ಚುಕ್ಕಿ ಇಡಲು ಸಲೀಸು.

ಉಂಗುರ ಎತ್ತುವುದು, ಕಡ್ಡಿ ತಿರುಗಿಸುವುದು

ಆಗ್ಸ್‌ಬರ್ಗ್ ಗಡಿಯಾರವನ್ನು ಮಟ್ಟದ ಮೇಲಿಟ್ಟು ತಗಡಿನ ಉತ್ತರವನ್ನು ಉತ್ತರಕ್ಕೆ ಹೊಂದಿಸಿ. ಮಡಚಿದ ಕಮಾನನ್ನು ನಿಲ್ಲಿಸಿ, ಉಂಗುರವನ್ನು ಎತ್ತಿ, ಅದರ ಅಂಚು ಕಮಾನಿನ ಹನ್ನೆರಡೂವರೆಗೆ ಬರುವಂತೆ ಇಡಿ. ಉಂಗುರ ಈಗ ಹೆಚ್ಚುಕಡಿಮೆ ನೆಟ್ಟಗೆ ನಿಂತು, ಮೇಲ್ತುದಿ ಮಾತ್ರ ದಕ್ಷಿಣಕ್ಕೆ ತುಸು ವಾಲಿರಬೇಕು. ಮಲಗಿದಂತೆ ಕಂಡರೆ ಅಂಕಿಯನ್ನು ತಿರುವುಮುರುವಾಗಿ ಓದಿದ್ದೀರಿ. ಹನ್ನೆರಡೋ ಹದಿಮೂರೋ ಎಂದು ತಲೆಕೆಡಿಸಿಕೊಳ್ಳಬೇಡಿ. ಕುಟ್ಟದಿಂದ ಸೋಮವಾರಪೇಟೆವರೆಗೆ ಅಕ್ಷಾಂಶದ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ, ಪೂರಾ ಒಂದು ಡಿಗ್ರಿ ತಪ್ಪಿದರೂ ಅತಿ ಹೆಚ್ಚೆಂದರೆ ಒಂದೂಮುಕ್ಕಾಲು ನಿಮಿಷ ಹೋಗುತ್ತದೆ.

ಮುಂದಿನದು ಕಡ್ಡಿ. ಉಂಗುರದ ನಡುವಿನ ಅಡ್ಡಪಟ್ಟಿಯಲ್ಲಿ ಅದು ಸ್ಪ್ರಿಂಗಿನ ಮೇಲೆ ತಿರುಗುತ್ತದೆ. ಮಡಚಿದರೆ ಉಂಗುರಕ್ಕೆ ಅಂಟಿರುತ್ತದೆ, ಬಿಚ್ಚಿದರೆ ಒಂದು ಬದಿಗೋ ಇನ್ನೊಂದು ಬದಿಗೋ ನೆಟ್ಟಗೆ ನಿಲ್ಲುತ್ತದೆ. ಮಾರ್ಚ್ 21ರಿಂದ ಸೆಪ್ಟೆಂಬರ್ 22ರವರೆಗೆ ಬಿಸಿಲು ಉಂಗುರದ ಉತ್ತರದ ಮುಖಕ್ಕೆ, ಕಡ್ಡಿ ಆ ಕಡೆಗಿರಬೇಕು. ಉಳಿದ ಆರು ತಿಂಗಳು ದಕ್ಷಿಣದ ಮುಖಕ್ಕೆ ಬಿಸಿಲು, ಕಡ್ಡಿಯೂ ದಕ್ಷಿಣಕ್ಕೆ. ಯುರೋಪಿನವರಿಗೆ ಉತ್ತರದ ಮುಖವೇ ಮುಖ್ಯ, ಅದು ಅವರ ಬೇಸಿಗೆ. ಇನ್ನೊಂದು ಮುಖವನ್ನು ಅವರು ಬಗ್ಗಿ ನೋಡಬೇಕು. ಕೊಡಗಿನಲ್ಲಿ ಲೆಕ್ಕ ಉಲ್ಟಾ. ಉತ್ತರದ ಮುಖಕ್ಕೆ ಬಿಸಿಲು ಬೀಳುವ ಆರು ತಿಂಗಳಲ್ಲಿ ಜೂನ್‌ನಿಂದಾಚೆ ಬಿಸಿಲೇ ಇರುವುದಿಲ್ಲ. ನಮಗೆ ದಿನವೂ ಸಿಗುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಬಿಸಿಲು, ಅಂದರೆ ಆ ಉಪೇಕ್ಷಿತ ಹಿಂಬದಿ. ಉಂಗುರ ನೆಟ್ಟಗೆ ನಿಲ್ಲುವುದರಿಂದ ಬಗ್ಗುವ ಕಷ್ಟವೂ ಇಲ್ಲ.

ನೆರಳು ಉಂಗುರದ ಒಳ ಅಂಚಿಗೆ ಬಿದ್ದ ಕಡೆ ಹೊತ್ತು ಓದಿ. ನೆರಳಿನ ಎಡದಂಚೂ ಅಲ್ಲ, ಬಲದಂಚೂ ಅಲ್ಲ, ನಡುಗೆರೆ. ಉಂಗುರದ ವ್ಯಾಸ 4 ಸೆಂ.ಮೀ. ಇದ್ದರೆ ಒಂದು ಗಂಟೆಗೆ ಸಿಗುವ ಜಾಗ 5.2 ಮಿ.ಮೀ., ಕಾಲು ಗಂಟೆಗೆ 1.3. ಭೂತಗನ್ನಡಿ ಹಿಡಿದರೆ ಮೂರ್ನಾಲ್ಕು ನಿಮಿಷದಷ್ಟು ನಿಖರವಾಗಿ ಓದಬಹುದು. ಅದಕ್ಕಿಂತ ಆಸೆ ಬೇಡ: ಸೂರ್ಯನ ಬಿಂಬವೇ ಅರ್ಧ ಡಿಗ್ರಿ ಅಗಲ, ನೆರಳಿನ ಅಂಚು ಎರಡು ನಿಮಿಷದಷ್ಟು ಮಸುಕಾಗಿಯೇ ಇರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಇಪ್ಪತ್ತರ ಆಸುಪಾಸಿನ ಕೆಲವು ದಿನ ಬಿಸಿಲು ಉಂಗುರದ ಅಂಚಿಗೇ ಸಮನಾಗಿ ಬಂದು ಯಾವ ಮುಖಕ್ಕೂ ಸರಿಯಾಗಿ ಬೀಳುವುದಿಲ್ಲ. ಆಗ ಗಡಿಯಾರವನ್ನು ಪೆಟ್ಟಿಗೆಯಲ್ಲಿಡಿ.

ತೂಗುವ ಉಂಗುರಕ್ಕೆ ದಿಕ್ಸೂಚಿಯೂ ಬೇಡ, ಸ್ಟೂಲೂ ಬೇಡ. ಹೊರ ಉಂಗುರದ ಮೇಲೆ ಜಾರುವ ಬಳೆಯನ್ನು ಉತ್ತರ ಅಕ್ಷಾಂಶ ಹನ್ನೆರಡೂವರೆಗೆ ತನ್ನಿ. ಒಳ ಉಂಗುರವನ್ನು ಅದು ತಡೆದು ನಿಲ್ಲುವವರೆಗೆ ತಿರುಗಿಸಿ; ಎರಡೂ ಒಂದಕ್ಕೊಂದು ಲಂಬವಾಗಿರಬೇಕು. ನಡುವಿನ ಪಟ್ಟಿಯ ಸೂಜಿತೂತನ್ನು ಅಂದಿನ ತಿಂಗಳು-ತಾರೀಖಿಗೆ ಸರಿಸಿ. ಬಳೆ ಹಿಡಿದು ತೂಗುಬಿಟ್ಟು ನಿಧಾನವಾಗಿ ತಿರುಗಿಸುತ್ತಾ ಹೋದರೆ ತೂತಿನಿಂದ ಬಂದ ಬೆಳಕಿನ ಚುಕ್ಕಿ ಒಳ ಉಂಗುರದ ಒಳಮೈಯಲ್ಲಿ ಕೊರೆದ ನಡುಗೆರೆಗೆ ಬಂದು ಕೂರುತ್ತದೆ. ಕೂತಲ್ಲಿ ಹೊತ್ತು, ಹೊರ ಉಂಗುರವೂ ತಾನಾಗಿ ಉತ್ತರ-ದಕ್ಷಿಣಕ್ಕೆ ನಿಂತಿರುತ್ತದೆ. ಕೇಳಲು ಮಾಯದಂತಿದೆ, ಆದರೆ ತೊಡಕುಗಳುಂಟು. ಚುಕ್ಕಿ ಎರಡು ಕಡೆ ಕೂರುತ್ತದೆ, ಒಂದು ಬೆಳಗಿನದು, ಒಂದು ಮಧ್ಯಾಹ್ನದ್ದು. ಊಟ ಆಗಿದೆಯೋ ಇಲ್ಲವೋ ನೆನಪಿದ್ದರೆ ಸಾಕು. ಸರಿ ಮಧ್ಯಾಹ್ನಕ್ಕೆ ಹೊರ ಉಂಗುರವೇ ಸೂರ್ಯನಿಗೆ ಅಡ್ಡ ಬಂದು ಚುಕ್ಕಿ ಮಾಯವಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಯ ಹತ್ತಿರವಿರುವಾಗ ಎಷ್ಟು ತಿರುಗಿಸಿದರೂ ಚುಕ್ಕಿ ಕದಲುವುದೇ ಇಲ್ಲ, ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದು. ಬೆಳಗ್ಗೆ 10ರೊಳಗೆ, ಮಧ್ಯಾಹ್ನ 3ರ ಮೇಲೆ ನೋಡಿ. ಗಾಳಿಗೆ ಓಲಾಡಿದರೆ ಮೊಣಕೈಯನ್ನು ಎದೆಗೆ ಒತ್ತಿ ಹಿಡಿಯಿರಿ, ಇಲ್ಲವೇ ಮೊಳೆಗೆ ತೂಗುಹಾಕಿ.

ಬಟರ್‌ಫೀಲ್ಡ್ ಬಗೆಯನ್ನು ಇಲ್ಲಿ ಬಳಸಲೇಬೇಕೆಂಬ ಹಟವಿದ್ದರೆ ದಾರಿ ಇದೆ, ಅದನ್ನು ಓರೆಯಾಗಿ ಇಡುವುದು. ತಗಡಿನ ಮೇಲೆ ಬೇರೆಬೇರೆ ಅಕ್ಷಾಂಶದ ಮೂರ್ನಾಲ್ಕು ಗಂಟೆಸಾಲುಗಳಿರುತ್ತವೆ. ಅತಿ ಚಿಕ್ಕ ಅಂಕಿಯದನ್ನು ಆರಿಸಿ, 43 ಎನ್ನೋಣ. ಕೊಕ್ಕನ್ನೂ 43ಕ್ಕೆ ಇಡಿ. 43ರಲ್ಲಿ 12.4 ಕಳೆದರೆ 30.6 ಡಿಗ್ರಿ, ಅಷ್ಟು ಓರೆ ಬೇಕು. 20 ಸೆಂ.ಮೀ. ಉದ್ದದ ಹಲಗೆಯ ಉತ್ತರದ ತುದಿ ಮೇಜಿನ ಮೇಲಿದ್ದು ದಕ್ಷಿಣದ ತುದಿ 10.2 ಸೆಂ.ಮೀ. ಎದ್ದರೆ ಸರಿಹೋಯಿತು. ಇಷ್ಟು ಓರೆಯಲ್ಲಿ ದಿಕ್ಸೂಚಿಯ ಸೂಜಿ ಆಡುವುದಿಲ್ಲ; ಕಣದ ಗೆರೆಯೇ ಬೇಕು. ಹಲಗೆಯ ಅಡ್ಡಕ್ಕೆ, ಪೂರ್ವ-ಪಶ್ಚಿಮವಾಗಿ, ಲೆವೆಲ್ ಇಟ್ಟು ನೋಡುವುದನ್ನು ಮರೆಯಬೇಡಿ.

ಮೊಬೈಲಿನ ಗಂಟೆಗೆ ತಾಳೆ ಹಾಕುವುದು

ಎಲ್ಲ ಸರಿಯಾಗಿ ಮಾಡಿಯೂ ಬಿಸಿಲು ಗಡಿಯಾರ ಮೊಬೈಲಿಗಿಂತ ಹಿಂದೆ ಇರುತ್ತದೆ. ಅದು ತಪ್ಪಲ್ಲ, ಅದು ಹೇಳುತ್ತಿರುವುದು ನಿಮ್ಮ ಅಂಗಳದ ಹೊತ್ತು. ಭಾರತದ ಪ್ರಮಾಣ ವೇಳೆ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಮಡಿಕೇರಿ 75.74ರಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 27 ನಿಮಿಷದ ವ್ಯತ್ಯಾಸ. ಕುಶಾಲನಗರಕ್ಕೆ 26, ವಿರಾಜಪೇಟೆಗೆ 27, ಜಿಲ್ಲೆಗೆಲ್ಲ ಒಂದೇ ಅಂಕಿ ಸಾಕು. ಈ ಪ್ರಮಾಣ ವೇಳೆ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೂ ಮೊದಲು ರೈಲಿನವರು ನಡೆಸುತ್ತಿದ್ದ ಮದ್ರಾಸ್ ವೇಳೆ ಮಡಿಕೇರಿಯ ಬಿಸಿಲಿಗಿಂತ 18 ನಿಮಿಷ ಮುಂದಿತ್ತು. ಕೊಡಗಿಗೆ ರೈಲು ಇವತ್ತಿಗೂ ಬಂದಿಲ್ಲ, ಅದು ಬೇರೆ ಮಾತು.

ಎರಡನೇ ತಿದ್ದುಪಡಿಗೆ ಕಾಲ ಸಮೀಕರಣ ಎಂದು ಹೆಸರು. ಭೂಮಿಯ ದಾರಿ ಅಂಡಾಕಾರ, ಅದರ ಅಕ್ಷ ಓರೆ; ಹಾಗಾಗಿ ಒಂದು ನಡುಹಗಲಿನಿಂದ ಮುಂದಿನದಕ್ಕೆ ಸರಿಯಾಗಿ 24 ಗಂಟೆ ಆಗುವುದಿಲ್ಲ. ಚಿಲ್ಲರೆ ಸೆಕೆಂಡುಗಳು ಕೂಡಿ ಕೂಡಿ ಫೆಬ್ರವರಿ 11ರ ಹೊತ್ತಿಗೆ ಬಿಸಿಲು 14 ನಿಮಿಷ ಹಿಂದೆ ಬೀಳುತ್ತದೆ, ನವೆಂಬರ್ 3ಕ್ಕೆ 16 ನಿಮಿಷ ಮುಂದೆ ಓಡುತ್ತದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ಕ್ಕೆ ಸೊನ್ನೆ. ಹಳೇ ಗಡಿಯಾರಗಳ ಮುಚ್ಚಳದೊಳಗೆ ಈ ಪಟ್ಟಿಯನ್ನು ಅಚ್ಚು ಹಾಕಿ ಅಂಟಿಸುತ್ತಿದ್ದರು.

ಎರಡೂ ತಿದ್ದುಪಡಿ ಸೇರಿಸಿ ಕೊಡಗಿಗೆ ಲೆಕ್ಕ ಹಾಕಿದರೆ, ಆಯಾ ತಿಂಗಳ 15ರಂದು ಬಿಸಿಲು ಗಡಿಯಾರದ ಹೊತ್ತಿಗೆ ಕೂಡಬೇಕಾದ ನಿಮಿಷಗಳು ಇವು:

ಜನವರಿ 36, ಫೆಬ್ರವರಿ 41, ಮಾರ್ಚ್ 36, ಏಪ್ರಿಲ್ 27
ಮೇ 23, ಜೂನ್ 27, ಜುಲೈ 33, ಆಗಸ್ಟ್ 31
ಸೆಪ್ಟೆಂಬರ್ 22, ಅಕ್ಟೋಬರ್ 13, ನವೆಂಬರ್ 12, ಡಿಸೆಂಬರ್ 22

ನಡುವಿನ ದಿನಗಳಿಗೆ ಅಂದಾಜಿನಲ್ಲಿ ಹಂಚಿಕೊಳ್ಳಿ. ಅಕ್ಟೋಬರ್ 15ರ ನಂತರ ಮಾತ್ರ ಎಚ್ಚರ, ನವೆಂಬರ್ ಮೊದಲ ವಾರ ಇದು 11ಕ್ಕೆ ಇಳಿದು ಮತ್ತೆ ಏರುತ್ತದೆ. ತುಲಾ ಸಂಕ್ರಮಣಕ್ಕೆ, ಅಕ್ಟೋಬರ್ 17ರಂದು, ತಲಕಾವೇರಿಯಲ್ಲಿ ನಿಮ್ಮ ಗಡಿಯಾರ ಬೆಳಗ್ಗೆ 10 ತೋರಿಸಿದರೆ ಮೊಬೈಲಿನಲ್ಲಿ ಸುಮಾರು 10 ಗಂಟೆ 13 ನಿಮಿಷ ಇರಬೇಕು. ಕೊಡಗಿನಲ್ಲಿ ಯಾವ ದಿನವೂ ಕಳೆಯುವ ಪ್ರಸಂಗವಿಲ್ಲ, ಕೂಡುವುದೇ. ಕಳೆದಿದ್ದೀರಿ ಎಂದರೆ ವ್ಯತ್ಯಾಸ ಒಮ್ಮೆಗೇ ದುಪ್ಪಟ್ಟಾಗಿ ಕಾಣುತ್ತದೆ.

ಉಂಗುರದ ಗಂಟೆಗಳನ್ನು ಗಳಿಗೆಗೆ ತರುವುದೂ ಸುಲಭ: ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ, ಉಂಗುರದ ಮೇಲೆ 6 ಡಿಗ್ರಿ.

ಇನ್ನೂ ಹೊಂದದಿದ್ದರೆ

ಒಂದೇ ದಿನ ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ನೋಡಿ, ಕೂಡಿದ ಮೇಲೆ ಉಳಿದ ವ್ಯತ್ಯಾಸ ಬರೆದಿಡಿ. ಮೂರೂ ಹೊತ್ತು ಒಂದೇ ಅಂಕಿ ಬಂದರೆ ಗಡಿಯಾರ ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದೆ, ಲೆವೆಲ್ ತನ್ನಿ. ಮಧ್ಯಾಹ್ನ ಸರಿಯಿದ್ದು ಬೆಳಗ್ಗೆ ಮುಂದೆ, ಸಂಜೆ ಹಿಂದೆ ಇದ್ದರೆ, ಅಥವಾ ಅದರ ವಿರುದ್ಧವಾಗಿದ್ದರೆ, ಅಕ್ಷಾಂಶ ತಪ್ಪಿದೆ. ಕಮಾನಿನ ಕೀಲು ಸಡಿಲವಾಗಿ ಉಂಗುರ ತನ್ನ ಭಾರಕ್ಕೆ ಜಾರಿರಬಹುದು. ಮಾರ್ಚ್‌ನಲ್ಲಿ ಹೊಂದುತ್ತಿದ್ದದ್ದು ಡಿಸೆಂಬರ್‌ನಲ್ಲಿ, ಅದರಲ್ಲೂ ನಡುಹಗಲಿಗೆ, ಐದಾರು ನಿಮಿಷ ಕೆಟ್ಟರೆ ದಿಕ್ಕು ತಪ್ಪಿದೆ. ಈ ಯಾವ ಕ್ರಮಕ್ಕೂ ಸಿಗದಿದ್ದರೆ ಕಡ್ಡಿ ಬಾಗಿರಬಹುದು. ಹೊಸ ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ಉಂಗುರಕ್ಕೂ ಕಡ್ಡಿಗೂ ತಾಗಿಸಿ ನಾಲ್ಕು ಕಡೆಯಿಂದ ನೋಡಿ. ಬೆಳಕು ನುಸುಳಿದ ಕಡೆ ಓರೆ. ಹಳೇ ಕಡ್ಡಿಯನ್ನು ಇಕ್ಕಳದಿಂದ ಬಗ್ಗಿಸಬೇಡಿ, ಬುಡದಲ್ಲೇ ಮುರಿಯುತ್ತದೆ. ಎಷ್ಟು ಓರೆ ಎಂದು ತಿಳಿದುಕೊಂಡು ಬಿಡಿ.

ಬೆಲೆಬಾಳುವ ವಸ್ತುವನ್ನು ಹೊರಗೆ ತೆಗೆಯುವ ಮೊದಲು ರಟ್ಟಿನಲ್ಲಿ ಅಭ್ಯಾಸ ಮಾಡುವುದು ಜಾಣತನ. ರಟ್ಟಿನಿಂದ 4 ಸೆಂ.ಮೀ. ತ್ರಿಜ್ಯದ ಬಿಲ್ಲೆ ಕತ್ತರಿಸಿ, ಎರಡೂ ಮುಖದಲ್ಲಿ 15 ಡಿಗ್ರಿಗೊಂದು ಗೆರೆ ಎಳೆಯಿರಿ. ನೆಲ ಮುಟ್ಟುವ ಗೆರೆ 12. ಉತ್ತರದ ಮುಖದಲ್ಲಿ ಅಂಕಿಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ, ದಕ್ಷಿಣದ ಮುಖದಲ್ಲಿ ಅದಕ್ಕೆ ಎದುರಾಗಿ; ಎರಡರಲ್ಲೂ ಬೆಳಗಿನ 6 ಪಶ್ಚಿಮಕ್ಕೆ ಬರಬೇಕು. ನಡುವೆ ತೆಳುವಾದ ಬಿದಿರು ಕಡ್ಡಿ ಚುಚ್ಚಿ, ದಕ್ಷಿಣದ ಕಡೆ 18.2 ಸೆಂ.ಮೀ., ಉತ್ತರದ ಕಡೆ ನಾಲ್ಕೈದು ಸೆಂ.ಮೀ. ಬಿಡಿ. ಕಡ್ಡಿಯ ದಕ್ಷಿಣದ ತುದಿಯೂ ಬಿಲ್ಲೆಯ ಅಂಚೂ ನೆಲ ಮುಟ್ಟಿದರೆ ಹನ್ನೆರಡೂವರೆ ಡಿಗ್ರಿ ತಾನಾಗಿ ಬಂದಿರುತ್ತದೆ. ಉರುಳದಂತೆ ಎರಡು ಬದಿಗೆ ಮಣ್ಣು ಒತ್ತಿ.

ಕೊಳ್ಳುವಾಗ, ಮಳೆಗಾಲ ಕಳೆಯುವಾಗ

ಪ್ರವಾಸಿಗಳ ಅಂಗಡಿಗಳಲ್ಲಿ ಲಂಡನ್ನಿನ ಹೆಸರು ಕೊರೆದ, ಕಂದು ಬಣ್ಣ ಹಚ್ಚಿದ ಹಿತ್ತಾಳೆಯ ಗಡಿಯಾರಗಳು ಸಿಗುತ್ತವೆ. ಅವು ಬಹುಪಾಲು ಭಾರತದಲ್ಲೇ ಈಚೆಗೆ ಮಾಡಿದ ನಕಲು. ಒಂದು ಕೋನಮಾಪಕ ಜೇಬಿನಲ್ಲಿದ್ದರೆ ಬೇರೆ ಪರೀಕ್ಷೆ ಬೇಡ. ಸಮತಲ ತಗಡಿನ ಗಂಟೆಗೆರೆಗಳು ಎಲ್ಲವೂ ಒಂದೇ ಅಂತರದಲ್ಲಿದ್ದರೆ ಅದು ಯಾವ ಊರಿನ ಹೊತ್ತನ್ನೂ ಹೇಳದು, ಬರೀ ಅಲಂಕಾರ. ರೆಕ್ಕೆಯ ಕೋನ ಮತ್ತು ಗೆರೆಗಳ ಅಂತರ ಒಂದೇ ಅಕ್ಷಾಂಶಕ್ಕೆ ಹೊಂದಬೇಕು. ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಅದು 1930ರ ದಶಕಕ್ಕಿಂತ ಹಳೆಯದಾಗಿರಲಾರದು. ಅಸಲಿಯಾದರೆ ಕಡ್ಡಿ ಎರಡು ಕಡೆಗೂ ತಿರುಗುತ್ತದೆಯೇ, ಹಿಂಬದಿಯ ಅಂಕಿ ಸವೆದಿಲ್ಲವೇ ನೋಡಿ. ನಮಗೆ ಬೇಕಾದದ್ದು ಆ ಬದಿಯೇ. ಕಮಾನಿನ ಅಂಕಿ 20ಕ್ಕೇ ನಿಂತರೆ ಬಟರ್‌ಫೀಲ್ಡಿನಂತೆ ಇದಕ್ಕೂ ಓರೆ ಹಲಗೆ ಬೇಕಾಗುತ್ತದೆ. ದಂತದ ಗಡಿಯಾರವನ್ನು ಕೊಳ್ಳುವುದೂ ಮಾರುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಹಿಂದಿನಿಂದ ಇದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ನೂರು ವರ್ಷ ದಾಟಿದ ಯಾವುದನ್ನೂ ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಜೂನ್ ಬಂತೆಂದರೆ ಹಿತ್ತಾಳೆಗೆ ಕಿಲುಬು, ಸೂಜಿಯ ಮೊಳೆಗೆ ತುಕ್ಕು, ಗಾಜಿನೊಳಗೆ ಬೂಷ್ಟು. ಹುಣಸೆಹುಳಿ, ಬೂದಿ, ಪಾಲಿಶ್ ಯಾವುದೂ ಬೇಡ; ಗಂಟೆಸಾಲಿನ ಮೇಲೆ ಬೆಳ್ಳಿಯ ಲೇಪ ಕೂದಲೆಳೆಗಿಂತ ತೆಳುವಾಗಿರುತ್ತದೆ, ದೇವರಮನೆಯ ದೀಪ ತಿಕ್ಕಿದಂತೆ ತಿಕ್ಕಿದರೆ ಒಂದೇ ಸಲಕ್ಕೆ ಹೋಗುತ್ತದೆ. ಒಣ ಮೃದು ಬ್ರಷ್ಷಿನಿಂದ ಧೂಳು ತೆಗೆಯಿರಿ, ಕೀಲುಗಳಲ್ಲಿ ಹಸಿರು ಕಂಡರೆ ಬಿದಿರಿನ ಹಲ್ಲುಕಡ್ಡಿಯಿಂದ ಕೆರೆಯಿರಿ, ಅಷ್ಟೇ. ಮೂಲ ಚರ್ಮದ ಪೆಟ್ಟಿಗೆ ಇದ್ದರೂ ಮಳೆಗಾಲದಲ್ಲಿ ಅದರೊಳಗಿಡಬೇಡಿ. ಹದ ಮಾಡಿದ ಚರ್ಮದ ಹುಳಿಯೂ ತೇವವೂ ಸೇರಿದರೆ ಕಿಲುಬು ಇನ್ನೂ ಬೇಗ ಏರುತ್ತದೆ. ಪೆಟ್ಟಿಗೆ ಬೇರೆ, ಗಡಿಯಾರ ಬೇರೆ. ಗಡಿಯಾರವನ್ನು ತೊಳೆದೊಣಗಿಸಿದ ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಸೂಜಿಯನ್ನು ಎತ್ತಿ ಹಿಡಿಯುವ ಪುಟ್ಟ ಸನ್ನೆ ಇದ್ದರೆ ಅದನ್ನು ಒತ್ತಿ ಸೂಜಿಯನ್ನು ಮೊಳೆಯಿಂದ ಎಬ್ಬಿಸಿಡಿ. ಹದಿನೈದು ದಿನಕ್ಕೊಮ್ಮೆ ಪೊಟ್ಟಣಗಳನ್ನು ತೆಗೆದು ಚೆನ್ನಾಗಿ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ, ಅಕ್ಟೋಬರ್‌ನಲ್ಲಿ ಮೋಡ ಹರಿಯುವವರೆಗೆ.